ಕತ್ತಿ ಮುಟ್ಟಿಸದ ಮೂರು ಮರ

ಒಂದು ಗಾಜಿನ ನಳಿಕೆ, ಅದರ ಬಾಯಿಗೆ ಹತ್ತಿ, ಒಳಗೆ ಸಣ್ಣ ಇರುವೆಯಂಥ ಹತ್ತು ಕಪ್ಪು ಕೀಟ, ಕಾಗದದ ಚೂರಿನ ಮೇಲೆ ಒಂದು ತೊಟ್ಟು ಜೇನು. ಅಂಥ ಇನ್ನೂರು ನಳಿಕೆಗಳನ್ನು ನಾನು ದಿನಕ್ಕೆ ಮೂರು ಸಲ ಎಣಿಸುತ್ತಿದ್ದೆ. ಹತ್ತಿ ಬಿಗಿದ ನಳಿಕೆ ಎದ್ದು ಎಲ್ಲಿಗೂ ಹೋಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಎಣಿಸುತ್ತಿದ್ದೆ. ನೂರ ತೊಂಬತ್ತೊಂಬತ್ತು ಬಂದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ.

ನಮ್ಮದು ಕಿಬ್ಬನಹಳ್ಳಿ ಹತ್ತಿರ ಬೆಳೆಗಾರರ ಸಂಘವೊಂದು ನಡೆಸುವ ಎರಡು ಕೋಣೆಯ ಲ್ಯಾಬು. ಹೊರಗಿನ ಕೋಣೆಯಲ್ಲಿ ಮೇಜು, ರಿಜಿಸ್ಟರು, ಜೋಳದ ನುಚ್ಚಿನ ಮೂಟೆ. ಒಳಗಿನ ಕೋಣೆಯಲ್ಲಿ ಕೀಟ. ತೆಂಗಿಗೆ ಕಪ್ಪುತಲೆ ಹುಳು ಬಿದ್ದರೆ ಅದು ಗರಿಯ ಅಡಿಯಲ್ಲಿ ತನ್ನ ಹಿಕ್ಕೆಯಿಂದಲೇ ಸುರಂಗ ಕಟ್ಟಿಕೊಂಡು ಒಳಗೆ ಕೂತು ಹಸಿರನ್ನು ಕೆರೆದು ತಿನ್ನುತ್ತದೆ. ದೂರದಿಂದ ನೋಡಿದರೆ ತೋಟಕ್ಕೆ ಬೆಂಕಿ ಬಿದ್ದಂತೆ ಕಾಣುತ್ತದೆ. ನಾವು ಸಾಕುವ ಕಪ್ಪು ಕೀಟ ಆ ಸುರಂಗದೊಳಗೆ ನುಗ್ಗಿ ಹುಳುವನ್ನು ಕುಟುಕಿ ಮಲಗಿಸಿ, ಅದರ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿಗಳು ಹುಳುವನ್ನೇ ತಿಂದು ಬೆಳೆಯುತ್ತವೆ. ಪುಸ್ತಕದಲ್ಲಿ ಅದಕ್ಕೆ ಪರೋಪಜೀವಿ ಎನ್ನುತ್ತಾರೆ, ಊರಿನವರು ಲ್ಯಾಬ್ ಹುಳ ಎನ್ನುತ್ತಾರೆ. ಮರಕ್ಕೊಂದು ನಳಿಕೆ ನಮ್ಮ ಲೆಕ್ಕ.

ಆ ಇನ್ನೂರರಲ್ಲಿ ನೂರ ನಲವತ್ತು ಶೆಟ್ಟಿಕೆರೆ ಕಡೆಯ ಒಂದೇ ತೋಟಕ್ಕೆ ಹೋಗಬೇಕಿತ್ತು. ಉಳಿದ ಅರವತ್ತು ಮುಂದಿನ ತಳಿಗೆ. ಆ ತೋಟದ ಯಜಮಾನರಿಗೆ ನಾನು ಮಾತು ಕೊಟ್ಟಿದ್ದೆ: ‘ಭಾನುವಾರ ಬಿಡ್ತೀನಿ, ಅಲ್ಲೀತನಕ ಬೇರಿಗೆ ಔಷಧಿ ಕೊಡಬೇಡಿ’ ಎಂದು. ಬೇರು ಹೀರಿದ ವಿಷ ಗರಿಗೆ ಏರಿದರೆ ಹುಳುವಿನ ಜೊತೆ ನಮ್ಮ ಕೀಟವೂ ಉಳಿಯುವುದಿಲ್ಲ. ಅವರು ಒಪ್ಪಿದ್ದರು, ಆದರೆ ಔಷಧಿ ಕೊಡುವವರಿಗೂ ಸೋಮವಾರ ಬನ್ನಿ ಎಂದು ಹೇಳಿಟ್ಟಿದ್ದರು. ಅದರಲ್ಲಿ ತಪ್ಪೇನಿಲ್ಲ. ಹಿಂದಿನ ಎರಡು ಬ್ಯಾಚು ನನ್ನ ಕೈಯಲ್ಲೇ ಕೆಟ್ಟಿದ್ದವು, ಒಂದು ಬಿಸಿಲಿಗೆ, ಒಂದು ಇರುವೆಗೆ.

ಕೈಯಲ್ಲಿ ಹಿಡಿತವಿರಲಿಲ್ಲ, ನಿಜ ಅದು. ನಾಲ್ಕೂವರೆ ತಿಂಗಳ ಹಿಂದೆ, ಎಂಟು ತುಂಬಿದ ಮೇಲೆ, ನನ್ನ ಮಗು ಹೊಟ್ಟೆಯಲ್ಲೇ ಹೋಗಿತ್ತು. ಮೂರು ತಿಂಗಳು ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದು, ಇನ್ನು ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಕೆಲಸಕ್ಕೆ ಬಂದಿದ್ದೆ. ಪೂಜೆ ಬಿಟ್ಟಿದ್ದೆ. ದೇವರ ಜೊತೆ ಜಗಳ ಮಾಡುವಷ್ಟು ಸಿಟ್ಟೂ ಇರಲಿಲ್ಲ, ಮಾತು ನಿಂತುಹೋದ ನೆಂಟರ ಹಾಗೆ ಆಗಿತ್ತು. ಬಂದವರೆಲ್ಲ ‘ಇನ್ನೂ ವಯಸ್ಸೈತೆ, ಇನ್ನೊಂದಾಗುತ್ತೆ’ ಎನ್ನುತ್ತಿದ್ದರು. ಒಡೆದ ಮಡಕೆಯ ಬಗ್ಗೆ ಹೇಳುವ ಹಾಗೆ ಹೇಳುತ್ತಾರಲ್ಲ ಎಂದು ಮೈ ಉರಿಯುತ್ತಿತ್ತು. ಈ ಬ್ಯಾಚೂ ಕೆಟ್ಟರೆ ನಾನು ಯಾವುದನ್ನೂ ಉಳಿಸಲಾರದವಳು ಎಂದು ಮನಸ್ಸು ತಾನೇ ತೀರ್ಮಾನ ಮಾಡಿಕೊಂಡಿತ್ತು. ಅದಕ್ಕೇ ಎಣಿಸುತ್ತಿದ್ದೆ.

ಶುಕ್ರವಾರ ನನ್ನ ಚೀಲದಲ್ಲಿ ಒಂದು ಸಾಂಬ್ರಾಣಿ ಡಬ್ಬ ಇತ್ತು. ನನ್ನ ಬಾಣಂತನಕ್ಕೆಂದು ಅಮ್ಮ ಬಜೆ, ಓಮ, ಬೆಳ್ಳುಳ್ಳಿಯ ಜೊತೆ ತಂದಿಟ್ಟದ್ದು, ಮುಚ್ಚಳವನ್ನೂ ತೆಗೆದಿರಲಿಲ್ಲ. ಲ್ಯಾಬಿನ ಸಹಾಯಕಿಯ ಸೊಸೆ ಹೆತ್ತು ಹದಿನೈದು ದಿನವಾಗಿತ್ತು, ಅವರಿಗಾದರೂ ಆಗಲಿ ಎಂದು ತಂದಿದ್ದೆ. ಸಹಾಯಕಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಡಬ್ಬ ಕೈಗೆ ಬಂದದ್ದೇ ನನ್ನ ಮುಖ ನೋಡಿದರು.

‘ಮೇಡಂ, ಇದ್ರಲ್ಲಿ ಮೊದ್ಲು ಈ ಕ್ವಾಣೆಗೊಂದು ಧೂಪ ಹಾಕ್ಬುಡಾನ. ಕಣ್ ಬಿದ್ದೈತೆ ಕಣ್ರೀ ಇಲ್ಲಿಗೆ. ಎಲ್ಡು ಸಲ ಹೋಯ್ತಲ್ಲ.’

ಒಳಕೋಣೆಯ ಬಾಗಿಲ ಮೇಲೆ ನನ್ನ ಅಕ್ಷರದಲ್ಲೇ ಒಂದು ಚೀಟಿ ಅಂಟಿಸಿದೆ: ಊದುಬತ್ತಿ, ಕರ್ಪೂರ, ಧೂಪ, ಸೊಳ್ಳೆಬತ್ತಿ ಕಡ್ಡಾಯವಾಗಿ ನಿಷೇಧ. ಅದನ್ನು ತೋರಿಸಿದೆ. ‘ಹೊರಗಿನ ರೂಮಲ್ಲಿ ಬೇಕಾದ್ರೆ ಹಾಕಿ, ಬಾಗಿಲು ಮುಚ್ಚಿರಲಿ’ ಎಂದೆ. ಅವರು ಕರಟದ ಕೆಂಡ ಮಾಡಿ, ಹೊರಗಿನ ಕೋಣೆಯ ನಾಲ್ಕು ಮೂಲೆಗೂ ಹೊಗೆ ತೋರಿಸಿ, ಕೈಮುಗಿದು, ನಾಲ್ಕು ಗಂಟೆ ಬಸ್ಸಿಗೆ ಹೋದರು.

ಕೆಂಡ ಇನ್ನೂ ಕೆಂಪಗಿತ್ತು. ನಾನು ಡಬ್ಬದಿಂದ ಒಂದು ಹಿಡಿ ಸಾಂಬ್ರಾಣಿ ತೆಗೆದು ಕೆಂಡದ ಮೇಲೆ ಸುರಿದೆ. ಒಳಕೋಣೆಯ ಬಾಗಿಲು ತೆಗೆದೆ. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಒಂದೊಂದು ಸಾಲು ನಳಿಕೆಯ ಮುಂದೂ ಹೊಗೆ ಹಿಡಿದೆ. ನಮ್ಮಲ್ಲಿ ಎಣ್ಣೆ ನೀರು ಹಾಕಿದ ಮೇಲೆ ಎಳೆ ಮಗುವನ್ನು ಅಂಗೈ ಮೇಲೆ ಬೋರಲು ಹಿಡಿದು, ಹೊಗೆಯ ಮೇಲೆ ಆಡಿಸಿ, ನೆತ್ತಿ ಆರಿಸುತ್ತಾರೆ. ಹಾಗೆಯೇ ಹಿಡಿದೆ. ಯಾಕೆ ಮಾಡುತ್ತಿದ್ದೇನೆ ಎಂದು ಆಗ ಕೇಳಿಕೊಳ್ಳಲಿಲ್ಲ. ಕಣ್ಣು ಉರಿದು ನೀರು ಬರುವ ತನಕ ಇದ್ದು, ಬಾಗಿಲು ಎಳೆದುಕೊಂಡು ಮನೆಗೆ ಹೋದೆ. ಎಷ್ಟೋ ದಿನದ ಮೇಲೆ ಅವತ್ತು ಚೆನ್ನಾಗಿ ನಿದ್ದೆ ಬಂತು.

ಶನಿವಾರ ಬೆಳಿಗ್ಗೆ ನಳಿಕೆಯ ಹಿಂದೆ ಟಾರ್ಚು ಹಿಡಿದೆ. ಜೀವ ಇದ್ದರೆ ಕೀಟ ಬೆಳಕಿನ ಕಡೆ ಓಡಿ ಬರುತ್ತದೆ. ಮೊದಲ ನಳಿಕೆಯಲ್ಲಿ ಯಾವುದೂ ಬರಲಿಲ್ಲ. ಬೆರಳಿಂದ ತಟ್ಟಿದೆ. ಹತ್ತೂ ಒಟ್ಟಿಗೆ ಎಳ್ಳಿನ ಹಾಗೆ ಒಂದು ಮೂಲೆಗೆ ಜಾರಿದವು. ಎರಡನೆಯದು, ಮೂರನೆಯದು. ಐವತ್ತರ ತನಕ ತಟ್ಟಿದೆ, ಆಮೇಲೆ ಒಂದು ನಳಿಕೆ ಕೈಜಾರಿ ಬಿದ್ದು ಒಡೆಯಿತು. ತಳಿಗೆ ಇಟ್ಟ ಅರವತ್ತೂ ಅದೇ ಕೋಣೆಯಲ್ಲಿದ್ದವು, ಅವೂ ಹೋಗಿದ್ದವು.

ಸಹಾಯಕಿ ಬಂದರು. ಬಾಗಿಲಲ್ಲೇ ನಿಂತು ವಾಸನೆ ಹಿಡಿದು, ನಳಿಕೆ ನೋಡಿ, ತಲೆ ಮೇಲೆ ಕೈ ಹೊತ್ತುಕೊಂಡು ಕೂತುಬಿಟ್ಟರು.

‘ಅಯ್ಯೋ ಶಿವನೇ, ನಾನೇ ಹಾಳ್ ಮಾಡ್ಬುಟ್ಟೆ. ನಿಮ್ ಮಾತು ಕೇಳ್ದಂಗೆ ನಾನೇ ಹೊಗೆ ಹಾಕ್ದೆ.’

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಒಂದು ನಿಮಿಷ ನಾನು ಸುಮ್ಮನಿದ್ದೆ. ಆಕೆ ಅಳುವುದನ್ನು ನೋಡುತ್ತ, ಹಾಗೇ ಆಗಲಿ, ತಪ್ಪು ಇವರದೇ ಆಗಲಿ ಎಂದು ಒಳಗೊಳಗೇ ಆಸೆಪಟ್ಟೆ. ಆಮೇಲೆ ಹೇಳಿದೆ: ‘ನೀವಲ್ಲ. ನೀವು ಹೋದ ಮೇಲೆ ನಾನು ಒಳಗೆ ತಂದು ಹಾಕಿದೆ.’ ಅವರು ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನೇ ನೋಡಿದರು. ಬೈಯಲಿಲ್ಲ. ಎದ್ದು ಕಿಟಕಿ ತೆಗೆದು ಗಾಜಿನ ಚೂರು ಗುಡಿಸಲು ಶುರು ಮಾಡಿದರು.

ಮಧ್ಯಾಹ್ನದವರೆಗೆ ಫೋನು ಮಾಡಿದೆ. ಗೊತ್ತಿದ್ದ ಲ್ಯಾಬುಗಳೆಲ್ಲ ಒಂದೇ ಮಾತು ಹೇಳಿದವು. ಈ ಬೇಸಿಗೆ ಎಲ್ಲ ಕಡೆಯೂ ಇದೇ ಹುಳು, ಇದ್ದದ್ದೆಲ್ಲ ಕೊಟ್ಟಾಗಿದೆ, ಇಪ್ಪತ್ತು ದಿನ ಬಿಟ್ಟು ಕೇಳಿ. ಒಂದೇ ಒಂದು ಜೊತೆ ಕೀಟ ಇದ್ದರೂ ಸಾಕು, ತಳಿ ಎಬ್ಬಿಸುತ್ತೇನೆ ಎಂದೆ. ಅದೂ ಇರಲಿಲ್ಲ.

ಭಾನುವಾರ ಖಾಲಿ ಕೈಯಲ್ಲಿ ಸ್ಕೂಟರಿನಲ್ಲಿ ಹೋದೆ. ಚಿಕ್ಕನಾಯಕನಹಳ್ಳಿ ದಾಟುವಾಗ ಹಿಂದಕ್ಕೆ ತಿರುಗಿಸೋಣ ಎಂದು ಎರಡು ಸಲ ಗಾಡಿ ನಿಲ್ಲಿಸಿದ್ದೆ. ತೋಟದ ಯಜಮಾನರು ಐವತ್ತರ ಹತ್ತಿರದವರು. ಕೊಬ್ಬರಿ ಅಟ್ಟದ ಕೆಳಗೆ ಕಟ್ಟೆಯ ಮೇಲೆ ಅವರ ತಾಯಿ ಸೊಪ್ಪು ಬಿಡಿಸುತ್ತ ಕೂತಿದ್ದರು.

‘ಏನಮ್ಮ, ಹುಳದ ಡಬ್ಬ ಎಲ್ಲಿ?’ ಎಂದರು ಯಜಮಾನರು.

ಇದ್ದದ್ದು ಇದ್ದ ಹಾಗೆ ಹೇಳಿದೆ. ಬ್ಯಾಚು ಸತ್ತಿದೆ, ನಾನೇ ಹೊಗೆ ಹಾಕಿದೆ. ಅವರು ಒಂದು ಕ್ಷಣ ನಂಬಲಿಲ್ಲ.

‘ಹೊಗೆನಾ? ನೀವಾ? ಓದ್ಕೊಂಡೋರು ಕಣ್ರೀ ನೀವು! ಸೊಳ್ಳೆಗ್ ಹೊಗೆ ಹಾಕಿದ್ರೆ ಸೊಳ್ಳೆ ಸಾಯ್ತದೆ ಅಂತ ನಮ್ ದನ ಕಾಯೋನಿಗೂ ಗೊತ್ತು. ನಿಮ್ಮನ್ನ ನಂಬ್ಕೊಂಡು ಹದಿನೈದು ದಿವ್ಸ ಕಾದೆನಲ್ಲ, ತ್ವಾಟ ನೋಡಿ ಹೆಂಗಾಗೈತೆ!’

ನೋಡಿದೆ. ಕೆಳಗಿನ ಗರಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ ನೇತಾಡುತ್ತಿದ್ದವು. ಸುಳಿಯ ಸುತ್ತ ನಾಲ್ಕು ಗರಿ ಮಾತ್ರ ಹಸಿರು. ಇನ್ನೊಂದು ತಲೆಮಾರು ಹುಳು ಎದ್ದರೆ ಅದೂ ಹೋಗುತ್ತದೆ. ಮರ ಸಾಯದಿದ್ದರೂ ಎರಡು ಮೂರು ವರ್ಷ ಕಾಯಿ ಕಾಣುವುದಿಲ್ಲ.

‘ನೀನ್ಯಾಕವ್ವ ಹೊಗೆ ಹಾಕ್ದೆ?’ ಎಂದು ಅಜ್ಜಿ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಉತ್ತರ ಬಾಯಿಗೆ ಬಂದುಬಿಟ್ಟಿತು. ಮಗುವಿಗೆ ಹಾಕಬೇಕಾಗಿದ್ದ ಸಾಂಬ್ರಾಣಿ ಅಜ್ಜಿ, ಎಂದೆ. ಹೇಳುವ ತನಕ ಅದು ನನಗೇ ಗೊತ್ತಿರಲಿಲ್ಲ. ಯಜಮಾನರು ಟವೆಲಿನಿಂದ ಮುಖ ಒರೆಸಿಕೊಂಡು ಬೇರೆ ಕಡೆ ನೋಡಿದರು. ಅಜ್ಜಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಕೊಟ್ಟರು.

‘ನನ್ ಕೈಲಿ ಏನೂ ಆಗಲ್ಲಮ್ಮ’ ಎಂದರು ಯಜಮಾನರು, ಸ್ವಲ್ಪ ತಗ್ಗಿ. ‘ನಾಳಿಕ್ಕೆ ಔಷಧಿಯೋರು ಬತ್ತಾರೆ. ಈಸಾನ್ಯದ ಮೂರು ಮರ ಬುಟ್ಟು ಎಲ್ಲಕ್ಕೂ ಕೊಡ್ಸಾದೆಯಾ.’

‘ಆ ಮೂರು ಯಾಕೆ ಬಿಡ್ತೀರಾ?’

‘ಅವು ಈರಭದ್ರಂದು.’

ತೋಟದ ಆ ಮೂಲೆಯಲ್ಲಿ ಅವರ ಮನೆದೇವರ ಕಲ್ಲುಗುಡಿ ಇದೆ. ಅದರ ಪಕ್ಕದ ಮೂರು ಮರ ದೇವರ ಹೆಸರಿಗೆ ಬಿಟ್ಟವು. ಅವಕ್ಕೆ ಕತ್ತಿ ಮುಟ್ಟಿಸುವುದಿಲ್ಲ. ಕಾಯಿ ತಾನೇ ಉದುರಬೇಕು, ಗರಿ ತಾನೇ ಕಳಚಬೇಕು. ಔಷಧಿಯೂ ಇಲ್ಲ, ದೇವರ ಮುಂದೆ ಒಡೆಯುವ ಕಾಯಿಯಲ್ಲಿ ವಿಷ ಇರಬಾರದು ಎಂದು. ಸುಮ್ಮನೆ, ಹೊರಡುವ ಮೊದಲು, ಹೋಗಿ ನೋಡಿದೆ.

ಹಳೆಯ ಗರಿಗಳು ಅಲ್ಲೂ ಸುಟ್ಟಿದ್ದವು. ಆದರೆ ಹುಳು ಅರ್ಧಕ್ಕೇ ನಿಂತಿತ್ತು. ಮೇಲೆ ಹತ್ತು ಹನ್ನೆರಡು ಗರಿ ದಟ್ಟ ಹಸಿರು. ಬುಡದಲ್ಲಿ ಕಳಚಿ ಬಿದ್ದ ಒಂದು ಗರಿ ಇತ್ತು. ಕೂತು ಒಂದೊಂದೇ ಸುರಂಗ ಬಿಡಿಸಿದೆ. ಏಳನೆಯದರಲ್ಲಿ ಒಣಗಿದ ಹುಳುವಿನ ಚರ್ಮ, ಅದರ ಪಕ್ಕ ಒತ್ತೊತ್ತಾಗಿ ಅಂಟಿಕೊಂಡ ಪುಟಾಣಿ ಗೂಡುಗಳು, ಎಲ್ಲದರ ತುದಿಯೂ ತೂತು. ನನ್ನ ನಳಿಕೆಗಳಲ್ಲಿ ದಿನವೂ ನೋಡುವ ಗೂಡೇ. ಯಾರೋ ಎಂದೋ ಬಿಟ್ಟದ್ದರ ಮೊಮ್ಮಕ್ಕಳೋ, ಇಲ್ಲೇ ಇದ್ದದ್ದೋ, ಈ ಮರಗಳಲ್ಲಿ ಅವು ಬದುಕಿದ್ದವು. ಕೆಳಗೆ ಬಿದ್ದ ಗರಿಯಲ್ಲಿ ಖಾಲಿ ಗೂಡು. ಮೇಲಿನ ಗರಿಯಲ್ಲಿ ಜೀವ ಇರಲೇಬೇಕು.

ಓಡಿಕೊಂಡು ಬಂದು ಯಜಮಾನರಿಗೆ ತೋರಿಸಿದೆ. ‘ಒಂದು ಮರಕ್ಕೆ ನಾಲ್ಕು ಗರಿ ಕಡಿಸಿ ಕೊಡಿ. ಸಾಕು.’

‘ಕಡಿಯಾದಾ?’ ಅವರು ತಾಯಿಯ ಮುಖ ನೋಡಿದರು. ತಾಯಿ ಗುಡಿಯ ಕಡೆ ನೋಡಿದರು.

‘ಅವನ್ನೇ ಕೇಳ್ಬೇಕು’ ಎಂದರು ಅಜ್ಜಿ.

ಸೋಮವಾರ ಬೆಳಿಗ್ಗೆ ಏಳಕ್ಕೆ ಪೂಜಾರಪ್ಪ ಬಂದರು. ವಿಗ್ರಹಕ್ಕೆ ನೀರು ಹಾಕಿ, ಒದ್ದೆ ಕಲ್ಲಿನ ಎಡಕ್ಕೊಂದು ಬಲಕ್ಕೊಂದು ಕಣಗಿಲೆ ಹೂವು ಅಂಟಿಸಿದರು. ಕೇಳಿದ ಮೇಲೆ ಬಲದ ಹೂವು ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಇಲ್ಲ. ಯಜಮಾನರು ಗಟ್ಟಿಯಾಗಿ ಕೇಳಿದರು, ‘ಸ್ವಾಮಿ, ನಿನ್ ಮರದ ಗರಿ ಕಡೀಬೌದಾ?’ ಅಷ್ಟರಲ್ಲಿ ಔಷಧಿ ಕೊಡುವ ಮೂವರು ಹಾರೆ, ಪ್ಲಾಸ್ಟಿಕ್ ಚೀಲ, ಕ್ಯಾನು ಹಿಡಿದು ಬಂದು ಬದುವಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

ನಾನು ಮನಸ್ಸು ಕಲ್ಲು ಮಾಡಿಕೊಂಡು ನಿಂತಿದ್ದೆ. ಒಂದು ಹೂವು ಯಾವ ಕಡೆ ಜಾರುತ್ತದೆ ಎಂಬುದಕ್ಕೆ ನೀರು ಎಷ್ಟಿದೆ, ತೊಟ್ಟು ಎಷ್ಟು ಭಾರ ಎಂಬುದೇ ಕಾರಣ ಎಂದು ನನ್ನ ಓದು ಹೇಳುತ್ತಿತ್ತು. ಒಳಗೆ ಮಾತ್ರ ಬೇರೆಯೇ ಮಾತು ಓಡುತ್ತಿತ್ತು. ಬಲಕ್ಕೆ ಬೀಳಪ್ಪ, ಬಲಕ್ಕೆ ಬೀಳು. ಮಾತು ಬಿಟ್ಟವನ ಹತ್ತಿರವೇ ಬೇಡುತ್ತಿದ್ದೇನೆ ಎಂದು ಹೊಳೆಯುವ ಹೊತ್ತಿಗೆ ಎಷ್ಟೋ ಸಲ ಬೇಡಿಯಾಗಿತ್ತು.

ಎಡದ ಹೂವು ಬಿತ್ತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದವರು ಸುಮ್ಮನೆ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರಲ್ಲ, ಆ ಗಳಿಗೆ ಮತ್ತೆ ಬಂತು. ಗುಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬದುವಿನ ಮೇಲಿದ್ದವರಲ್ಲಿ ಹಿರಿಯವನು ಎದ್ದು ಉಗಿದು, ‘ಯಜಮಾನ್ರೆ, ಕೆಲ್ಸ ಐತೋ ಇಲ್ವೋ ಯೋಳ್ಬುಡಿ’ ಎಂದ. ಯಜಮಾನರು ಪಂಚೆ ಎತ್ತಿ ಕಟ್ಟಿ, ‘ಮೊದಲ್ನೇ ಸಾಲಿಂದ ಸುರು ಮಾಡ್ರಪ್ಪ’ ಎಂದರು.

‘ಇರ್ಲಾ ಒಸಿ’ ಎಂದರು ಅಜ್ಜಿ ಮಗನಿಗೆ. ಆಮೇಲೆ ನನ್ನ ಕಡೆ ತಿರುಗಿದರು. ‘ನಿಂಗೆ ಗರಿ ಬೇಕಾ, ಹುಳ ಬೇಕಾ?’

‘ಹುಳ ಅಜ್ಜಿ.’

‘ಮತ್ತೆ? ಇವ್ನು ಕೇಳಿದ್ದು ಕಡೀಬೌದಾ ಅಂತ. ಅವ್ನು ಬ್ಯಾಡ ಅಂದ. ಕಡೀಬ್ಯಾಡ. ಮುಟ್ಟಬ್ಯಾಡ ಅಂತ ಯಾರಂದ್ರು?’

ಪೂಜಾರಪ್ಪ ಗಲ್ಲ ಕೆರೆದುಕೊಂಡರು. ‘ಅದಕ್ಕೂ ಇನ್ನೊಂದ್ ಸಲ ಕೇಳಾನ’ ಎಂದರು. ‘ಸುಮ್ಕಿರಪ್ಪ, ಎಲ್ಲಕ್ಕೂ ಅವನ್ನ ಎಬ್ಬಿಸ್ಬ್ಯಾಡ’ ಎಂದರು ಅಜ್ಜಿ.

ಕಡಿಯದೆ ಗರಿ ಪರೀಕ್ಷಿಸುವ ಅಭ್ಯಾಸ ನಮಗಿಲ್ಲ. ಕಡಿಸುತ್ತೇವೆ, ನೆಲದ ಮೇಲೆ ಹರವುತ್ತೇವೆ, ಬಿಡಿಸುತ್ತೇವೆ. ಆದರೆ ಬೇರೆ ದಾರಿ ಇರಲಿಲ್ಲ. ಯಜಮಾನರು ಗೊಣಗುತ್ತಲೇ ಟ್ರ್ಯಾಕ್ಟರಿನ ಟ್ರೈಲರನ್ನು ಮರದ ಬುಡಕ್ಕೆ ತಂದು ನಿಲ್ಲಿಸಿದರು. ಅದರ ಮೇಲೆ ಏಣಿ. ಔಷಧಿಯವರಲ್ಲಿ ಒಬ್ಬ ಮರ ಹತ್ತುವವನಿದ್ದ, ಹೇಗಿದ್ದರೂ ಕೆಲಸ ನಿಂತಿತ್ತು, ಅವನು ಹತ್ತಿ ಗರಿಯ ತುದಿಗೆ ಹಗ್ಗ ಕಟ್ಟಿ ಮುರಿಯದ ಹಾಗೆ ಮೆಲ್ಲಗೆ ಕೆಳಕ್ಕೆ ಬಗ್ಗಿಸಿ ಹಿಡಿದ. ನಾನು ಏಣಿಯ ಮೇಲೆ, ಸೊಂಟಕ್ಕೆ ನಳಿಕೆಯ ಚೀಲ, ಒಂದು ಕೈಯಲ್ಲಿ ಕುಂಚ, ಕುತ್ತಿಗೆಗೆ ಭೂತಗನ್ನಡಿ. ಕೆಳಗಿದ್ದವರೆಲ್ಲ ತಲೆ ಎತ್ತಿ ನೋಡುತ್ತಿದ್ದರು.

ಮೊದಲ ಗರಿಯಲ್ಲಿ ಬರೀ ಹುಳು. ಎರಡನೆಯ ಗರಿಯಲ್ಲೂ ಅದೇ. ಕತ್ತು ನೋಯುತ್ತಿತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು. ಹಗ್ಗ ಹಿಡಿದವನು ‘ಆಯ್ತಾ ಮೇಡಂ’ ಎಂದು ಮೇಲಿಂದ ಕೇಳುತ್ತಲೇ ಇದ್ದ. ಮೂರನೆಯ ಗರಿಯಲ್ಲಿ ಒಂದು ಸುರಂಗದ ಬಾಯಿ ಬಿಡಿಸಿದಾಗ ಹುಳು ಕದಲದೆ ಮಲಗಿತ್ತು. ಅದರ ಬೆನ್ನ ಮೇಲೆ ಸಾಲಾಗಿ ಒಂಬತ್ತು ಮರಿ, ಸಾಸಿವೆ ಕಾಳಿಗಿಂತ ಚಿಕ್ಕವು. ಅವುಗಳ ಮೇಲೆ ಅಡ್ಡಲಾಗಿ ನಿಂತ ಒಂದು ಕಪ್ಪು ಕೀಟ. ಬೆಳಕು ಬಿದ್ದರೂ ಓಡಲಿಲ್ಲ. ಕುಂಚ ತಾಕಿಸಿದೆ. ತಲೆ ಎತ್ತಿ ಕುಂಚವನ್ನೇ ಕಚ್ಚಲು ಬಂತು.

ತಾಯಿ ಕೀಟ ಮರಿ ಕಾಯುವುದು ನನಗೆ ಹೊಸದಲ್ಲ. ಮರಿಗಳು ಗೂಡು ಕಟ್ಟಿಕೊಳ್ಳುವ ತನಕ ಅದು ಮರಿಯ ಹತ್ತಿರ ಬೇರೆ ಕೀಟ ಬರಗೊಡದೆ ನಿಂತಿರುತ್ತದೆ. ಲ್ಯಾಬಿನಲ್ಲಿ ಅದು ನಮಗೊಂದು ತಾಪತ್ರಯ. ಮೊಟ್ಟೆ ಇಟ್ಟ ಕೂಡಲೇ ತಾಯಿಯನ್ನು ಎಬ್ಬಿಸಿ ಇನ್ನೊಂದು ಹುಳುವಿನ ಹತ್ತಿರ ಬಿಡುತ್ತೇವೆ, ಸಂಖ್ಯೆ ಹೆಚ್ಚಬೇಕಲ್ಲ. ಎಷ್ಟು ಸಾವಿರವನ್ನು ಹಾಗೆ ಎಬ್ಬಿಸಿದ್ದೇನೋ. ಅವತ್ತು ಏಣಿಯ ಮೇಲೆ, ಅಷ್ಟು ಜನರ ಮುಂದೆ, ನನಗೆ ಅಳು ಬಂತು. ತಡೆದುಕೊಳ್ಳಲಿಲ್ಲ. ಇಷ್ಟು ದಿನ ಬಾರದಿದ್ದದ್ದೆಲ್ಲ ಬಂತು. ಕೆಳಗಿನಿಂದ ಯಜಮಾನರು ‘ಯಾಕಮ್ಮ, ಚೇಳೇನಾದ್ರೂ ಕಡೀತಾ?’ ಎಂದು ಕೂಗಿದರು.

ಇಳಿದು, ಭೂತಗನ್ನಡಿ ಕೊಟ್ಟು, ಅವರನ್ನೇ ಹತ್ತಿಸಿದೆ. ದೊಡ್ಡ ಆಳು, ಏಣಿ ಕಿರುಗುಟ್ಟಿತು. ತುಂಬ ಹೊತ್ತು ನೋಡಿದರು.

‘ಇದೇನ್ರೀ, ಊದಿದ್ರೂ ಹೋಗಲ್ವಲ್ಲ!’

‘ತಾಯಿ ಅದು. ಮರಿ ಗೂಡು ಸೇರೋ ತನಕ ಬಿಡಲ್ಲ.’

ಅವರು ಇಳಿದು ಬಂದು ಔಷಧಿಯವರಿಗೆ ಹೇಳಿದರು: ‘ಹದಿನೈದು ದಿವ್ಸ ಬುಟ್ಟು ಬನ್ರಪ್ಪ.’ ಆಮೇಲೆ ನನಗೆ, ಬೆರಳು ತೋರಿಸಿ: ‘ಹದಿನೈದೇ ದಿವ್ಸ. ಹದಿನಾರಕ್ಕೆ ನಾನು ಯಾರ್ ಮಾತೂ ಕೇಳಲ್ಲ.’

ಆ ದಿನವೂ ಮಂಗಳವಾರವೂ ಸೇರಿ ಮೂರು ಮರದಿಂದ ಮೂವತ್ತೆಂಟು ಸಂಸಾರ ಸಿಕ್ಕವು. ಮರಿ ಹೊತ್ತ ಹುಳುವನ್ನು ಕುಂಚದಿಂದ ನಳಿಕೆಗೆ ಇಳಿಸಿ, ನಳಿಕೆಯ ಬಾಯನ್ನು ಸುರಂಗದ ಬಾಯಿಗೆ ಹಿಡಿದರೆ ತಾಯಿ ಒಂದು ಗಳಿಗೆ ಅತ್ತಿತ್ತ ಹುಡುಕಿ, ತಾನೇ ನಡೆದು ಒಳಗೆ ಬರುತ್ತಿತ್ತು. ಗರಿ ಕಡಿದು ದೊಪ್ಪನೆ ನೆಲಕ್ಕೆ ಕೆಡವಿದ್ದರೆ ಅರ್ಧಕ್ಕರ್ಧ ಮರಿ ಉದುರಿಹೋಗುತ್ತಿದ್ದವು, ತಾಯಂದಿರು ಚೆದುರುತ್ತಿದ್ದರು. ಎಡದ ಹೂವಿಗೆ ಇದೆಲ್ಲ ಗೊತ್ತಿತ್ತೋ ಇಲ್ಲವೋ, ಬಲದ್ದು ಬಿದ್ದಿದ್ದರೆ ಕೆಲಸ ಕೆಡುತ್ತಿತ್ತು ಎಂಬುದಷ್ಟೇ ನನಗೆ ಗೊತ್ತು.

ಲ್ಯಾಬಿನಲ್ಲಿ ಸಹಾಯಕಿ, ಕೀಟ ಮೊಟ್ಟೆ ಇಡಲೆಂದು ಜೋಳದ ನುಚ್ಚಿನಲ್ಲಿ ನಾವು ಬೆಳೆಸುವ ಅಕ್ಕಿಪತಂಗದ ಹುಳುಗಳನ್ನು ತಟ್ಟೆಯಲ್ಲಿ ಸಿದ್ಧ ಮಾಡಿಟ್ಟಿದ್ದರು. ಇಕ್ಕಳ ಕೈಗೆ ಕೊಟ್ಟು, ‘ತಾಯೀನ ಎಬ್ಬಿಸಾನ?’ ಎಂದು ಕೇಳಿದರು. ಎಬ್ಬಿಸಿದರೆ ಹದಿನೈದು ದಿನದಲ್ಲಿ ಎರಡರಷ್ಟು ಕೀಟ ಸಿಗಬಹುದು. ಆದರೆ ಇವು ಲ್ಯಾಬಿಗೆ ಹೊಸವು, ಸೂಕ್ಷ್ಮ. ಕಾವಲಿಲ್ಲದೆ ಎಷ್ಟು ಮರಿ ಉಳಿಯುತ್ತವೆ, ಗೊತ್ತಿಲ್ಲ. ಎಲ್ಲವೂ ಹೋದರೆ ಇನ್ನೊಂದು ದೇವರ ಮರ ಎಲ್ಲಿಂದ ತರಲಿ? ಇಕ್ಕಳವನ್ನು ಮೇಜಿನ ಮೇಲೆ ಇಟ್ಟೆ.

‘ಬೇಡ’ ಎಂದೆ. ‘ಈ ಸಲ ಮಕ್ಕಳ ಜೊತೆ ಇರಲಿ.’

‘ಹಂಗೇ ಮಾಡಿ’ ಎಂದು ಅವರು ತಟ್ಟೆ ಮುಚ್ಚಿದರು.

ಮುಂದಿನ ಹನ್ನೆರಡು ದಿನ ನಾನು ಬದುಕಿದ್ದು ಹೆದರಿಕೆಯ ಮೇಲೆಯೇ. ಮೇಜಿನ ಕಾಲಿಗೆ ಇರುವೆ ಹತ್ತದ ಹಾಗೆ ನೀರಿನ ಬಟ್ಟಲು. ಕಿಟಕಿಗೆ ಒದ್ದೆ ಗೋಣಿತಾಟು, ಎರಡು ಗಂಟೆಗೊಮ್ಮೆ ಮತ್ತೆ ನೀರು. ಎದುರಿನ ಟೀ ಅಂಗಡಿಯವನು ಸೊಳ್ಳೆಬತ್ತಿ ಹಚ್ಚಿದ ಎಂದು ಹೋಗಿ ಜಗಳ ಆಡಿ ಬಂದೆ. ‘ಅವತ್ತು ಊರಿಗೆಲ್ಲ ಸಾಂಬ್ರಾಣಿ ವಾಸ್ನೆ ಹಂಚಿದೋರು ನೀವಲ್ವಾ’ ಎಂದ ಅವನು. ಐದು ಸಂಸಾರ ಹೋದವು, ಯಾಕೆ ಎಂದು ತಿಳಿಯಲಿಲ್ಲ. ಆ ಐದರಲ್ಲೂ ತಾಯಿ ಸತ್ತ ಮರಿಗಳ ಪಕ್ಕ ಒಂದು ದಿನ ನಿಂತಿದ್ದು, ಆಮೇಲೆ ಬೆಳಕಿನ ಕಡೆ ಬಂದು ಜೇನು ಮುಟ್ಟಿತು. ಅದನ್ನು ರಿಜಿಸ್ಟರಿನಲ್ಲಿ ಬರೆಯುವ ಕಾಲಂ ಇಲ್ಲ. ಅದನ್ನು ಕಂಡ ಮರುದಿನ ಬೆಳಿಗ್ಗೆ ನಾನು ಮನೆಯಿಂದ ಬರುವಾಗ ದೇವರ ಮುಂದೆ ಒಂದು ಗಳಿಗೆ ಕೂತು ಬಂದೆ. ಏನೂ ಬೇಡಲಿಲ್ಲ, ಸುಮ್ಮನೆ ಕೂತೆ. ಮರುದಿನವೂ ಕೂತೆ.

ಹದಿಮೂರನೆಯ ದಿನ ಗೂಡು ಒಡೆದವು. ಟಾರ್ಚು ಹಿಡಿದರೆ ಮೂವತ್ತಮೂರು ನಳಿಕೆಯಲ್ಲೂ ಕಪ್ಪು ಚುಕ್ಕೆಗಳು ಬೆಳಕಿನ ಕಡೆ ಓಡಿದವು. ಸಹಾಯಕಿ ನನ್ನ ಭುಜ ಹಿಡಿದುಕೊಂಡು ಕುಣಿದೇಬಿಟ್ಟರು, ಆ ವಯಸ್ಸಿನಲ್ಲಿ.

ಎಲ್ಲವನ್ನೂ ತಳಿಗೆ ಇಟ್ಟುಕೊಂಡರೆ ಮಾತು ತಪ್ಪುತ್ತದೆ. ಎಲ್ಲವನ್ನೂ ಬಿಟ್ಟರೆ ಮುಂದಕ್ಕೆ ಇಲ್ಲ. ಅರ್ಧ ಇಟ್ಟು ಅರ್ಧ ತೆಗೆದುಕೊಂಡು ಹದಿನಾಲ್ಕನೆಯ ದಿನ ಸಂಜೆ ತೋಟಕ್ಕೆ ಹೋದೆ. ಹದಿನಾರೇ ನಳಿಕೆ ನೋಡಿ ಯಜಮಾನರ ಮುಖ ಇಳಿಯಿತು. ತೀರಾ ಕೆಟ್ಟ ಸಾಲಿನ ಮರಗಳ ಕಾಂಡಕ್ಕೆ, ಎದೆ ಮಟ್ಟದಲ್ಲಿ, ನಳಿಕೆಯ ಬಾಯಿ ಹಿಡಿದು ಹತ್ತಿ ತೆಗೆದೆವು. ಸುಳಿಯಲ್ಲಿ ಬಿಟ್ಟರೆ ಜೇಡ ತಿನ್ನುತ್ತದೆ, ಕಾಂಡದಲ್ಲಿ ಬಿಟ್ಟರೆ ತಾವೇ ಹತ್ತಿಕೊಳ್ಳುತ್ತವೆ. ಒಂದೊಂದೇ ಹೊರಬಂದು, ನಿಂತು, ಮೀಸೆ ಆಡಿಸಿ, ಮೇಲಕ್ಕೆ ನಡೆದವು. ಹದಿನಾರನೆಯ ದಿನ ಔಷಧಿಯವರು ಬಂದರು. ಯಜಮಾನರು ಅವರಿಗೆ ಕಾಫಿ ಕೊಟ್ಟು ಕಳಿಸಿದರು ಎಂದು ಆಮೇಲೆ ತಿಳಿಯಿತು.

ಅದಾದ ಮೇಲೆ ಹದಿನೈದು ದಿನಕ್ಕೊಮ್ಮೆ, ನಾಲ್ಕು ಸಲ ಬಿಟ್ಟೆವು. ಎರಡನೆಯ ಸಲಕ್ಕೇ ನೂರ ನಲವತ್ತು ನಳಿಕೆ ತುಂಬಿತು. ಮುಂಗಾರು ಶುರುವಾಗಿ ಒಂದೂವರೆ ತಿಂಗಳಿಗೆ ಹೋದಾಗ ಹೊಸ ಗರಿಗಳು ಕಲೆಯಿಲ್ಲದೆ ಬಿಚ್ಚಿಕೊಳ್ಳುತ್ತಿದ್ದವು. ಒಂದು ಮರ ಮಾತ್ರ ಉಳಿಯಲಿಲ್ಲ, ಬಾವಿ ಪಕ್ಕದ್ದು. ನಾನು ಬಂದಾಗಲೇ ಸುಳಿ ಬಾಡಿತ್ತು. ಅದನ್ನು ಕಿತ್ತು, ಆ ಜಾಗಕ್ಕೆ ಗುಂಡಿ ತೆಗೆಸಿ, ಗೊಬ್ಬರ ಮಣ್ಣು ಹಾಕಿಸಿದ್ದರು. ಪಕ್ಕದಲ್ಲಿ ಮೊಣಕಾಲುದ್ದದ ಒಂದು ತೆಂಗಿನ ಸಸಿ ಇತ್ತು.

ನಾನು ಗರಿಗಳ ಲೆಕ್ಕ ಬರೆದುಕೊಳ್ಳುತ್ತಿದ್ದೆ. ಅಜ್ಜಿ ಕರೆದರು.

‘ಬಾರವ್ವ ಇಲ್ಲಿ. ಇದ್ನ ನೀನು ಇಕ್ಕು.’

ಪುಸ್ತಕ ಪಕ್ಕಕ್ಕಿಟ್ಟು ಗುಂಡಿಯ ಅಂಚಿಗೆ ಕೂತು ಸಸಿ ಇಳಿಸಿದೆ. ಅಜ್ಜಿಯೂ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಸಸಿ ನೆಟ್ಟಗೆ ನಿಲ್ಲುವ ಹಾಗೆ ಹಿಡಿದುಕೊಂಡರು.

‘ನಮ್ಮನೇಲಿ ಮಗಿನ ಹೆಸ್ರಿಗೊಂದು ಗಿಡ ಇಕ್ತೀವಿ’ ಎಂದರು. ‘ನಿನ್ ಮಗಿಗೆ ಏನ್ ಹೆಸ್ರು ಅಂದ್ಕೊಂಡಿದ್ದೆ?’

ಇಷ್ಟು ತಿಂಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಮನೆಯಲ್ಲಿ ನಾನೂ ಗಂಡನೂ ಒಬ್ಬರ ಎದುರು ಒಬ್ಬರು ಅದನ್ನು ಎತ್ತಿರಲಿಲ್ಲ. ಸಸಿಯ ಬುಡಕ್ಕೆ ಎರಡು ಬೊಗಸೆ ಮಣ್ಣು ಎಳೆದೆ. ಅಜ್ಜಿ ಅವಸರ ಮಾಡಲಿಲ್ಲ.

‘ಗೌರಿ’ ಎಂದೆ.

‘ಗೌರವ್ವ’ ಎಂದರು ಅಜ್ಜಿ, ಮನೆಯ ಮಗುವನ್ನು ಕರೆಯುವ ಹಾಗೆ. ಆಮೇಲೆ ಮಗನಿಗೆ ಕೂಗಿ ಹೇಳಿದರು: ‘ಲೇ, ಗೌರವ್ವನಿಗೆ ಒಂದ್ ಕೊಡ ನೀರ್ ತಕಂಬಾ.’